ಭೂಗತ ಗಣಿಯ ಡೀಸೆಲ್ ಹೊಗೆ ಅಳತೆ: ಎಲ್‌ಎಚ್‌ಡಿ ಒಂದೇ, ರೀಡಿಂಗ್ ಮಾತ್ರ ದಿನಕ್ಕೊಂದು

ಡಿಕ್ಲೈನ್_ದಾರಿ:

ಲೋಹದ ಗಣಿ, ಡಿಕ್ಲೈನ್ (ಇಳಿಜಾರು ಸುರಂಗ) ಮೂಲಕ ಓಡಾಟ. ಮೂರು ಎಲ್‌ಎಚ್‌ಡಿ (ಅದಿರು ತುಂಬಿ, ಸಾಗಿಸಿ, ಸುರಿಯುವ ಲೋಡರ್) ಇವೆ. ಒಂದೊಂದೂ 150 ಕಿಲೋವ್ಯಾಟ್, ಟರ್ಬೊ ಎಂಜಿನ್, ಟಾರ್ಕ್ ಕನ್ವರ್ಟರ್. ಎರಡು ಎಲ್‌ಪಿಡಿಟಿ (ತಗ್ಗು ಎತ್ತರದ ಡಂಪ್ ಟ್ರಕ್), ಜೊತೆಗೆ ಮಾಮೂಲಿ ಯುಟಿಲಿಟಿ ಗಾಡಿಗಳು. ಎಲ್‌ಎಚ್‌ಡಿಗಳ ಸೈಲೆನ್ಸರ್ ಜಾಗದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕೂತಿದೆ. ಅಳೆಯುವುದಕ್ಕೆ ಕೈಯಲ್ಲಿ ಹಿಡಿಯುವ ಗ್ಯಾಸ್ ಅನಲೈಸರ್: ಆಮ್ಲಜನಕ, ಸಿಒ (ಕಾರ್ಬನ್ ಮಾನಾಕ್ಸೈಡ್), ಎನ್‌ಒ (ನೈಟ್ರಿಕ್ ಆಕ್ಸೈಡ್), ಎನ್‌ಒ2 (ನೈಟ್ರೋಜನ್ ಡೈಆಕ್ಸೈಡ್) ಅಳೆಯುವ ಸೆಲ್‌ಗಳು, ಸಿಒ2ಗೆ (ಕಾರ್ಬನ್ ಡೈಆಕ್ಸೈಡ್) ಇನ್‌ಫ್ರಾರೆಡ್.

ಈಗಿನ ಪದ್ಧತಿ ಹೀಗಿದೆ: ಗಾಡಿ ನ್ಯೂಟ್ರಲ್‌ನಲ್ಲಿ, ಪೂರ್ತಿ ರೇಸ್, ಪೈಪ್ ತುದಿಗೆ ಪ್ರೋಬ್, ಬಂದ ಅಂಕಿ ರಿಜಿಸ್ಟರ್‌ಗೆ. ಒಂದೇ ಗಾಡಿ ಸೋಮವಾರ ಸಿಒ 60 ಪಿಪಿಎಂ, ಗುರುವಾರ 340. ನಡುವೆ ಯಾರೂ ಸ್ಪ್ಯಾನರ್ ಮುಟ್ಟಿಲ್ಲ. ಲೋಡ್ ಹೇಗೆ ಕೊಡಬೇಕು, ಕ್ಯಾಟಲಿಸ್ಟ್‌ಗೆ ಮೊದಲು ಅಳೆಯಬೇಕೋ ನಂತರವೋ, ಮಸಿಯ ಲೆಕ್ಕ ಇದರಲ್ಲೇ ಸಿಗುತ್ತದೆಯೋ? ತಿಳಿದವರು ಹೇಳಿ.

ಗಣಿಗಾಳಿ:

ಗಾಡಿ ಬದಲಾಗಿಲ್ಲ, ಅಳೆಯುವ ಸ್ಥಿತಿ ಬದಲಾಗಿದೆ. ನ್ಯೂಟ್ರಲ್‌ನಲ್ಲಿ ಎಷ್ಟೇ ರೇಸ್ ಕೊಟ್ಟರೂ ಎಂಜಿನ್ನಿಗೆ ಕೆಲಸವಿಲ್ಲ. ಗವರ್ನರ್ (ವೇಗ ನಿಯಂತ್ರಕ) ಇಂಧನ ಕತ್ತರಿಸಿ ಹೈ ಐಡಲ್‌ನಲ್ಲಿ, ಅಂದರೆ ಲೋಡಿಲ್ಲದ ಗರಿಷ್ಠ ವೇಗದಲ್ಲಿ, ನಿಲ್ಲಿಸುತ್ತದೆ. ಆಮ್ಲಜನಕ 17–18% ಕಾಣುತ್ತದೆ, ಅಂದರೆ ಸಿಲಿಂಡರಿಗೆ ಹೋದ ಗಾಳಿಯ ಬಹುಪಾಲು ಉರಿಯದೇ ಹೊರಬಂದಿದೆ. ಇಷ್ಟು ತೆಳುವಾದ, ತಣ್ಣನೆಯ ಉರಿಯಲ್ಲಿ ಬರುವ ಸಿಒ ನಿರ್ಧಾರವಾಗುವುದು ಎಂಜಿನ್ ಎಷ್ಟು ಬಿಸಿಯಿದೆ ಎಂಬುದರ ಮೇಲೆ. ಕೂಲಂಟ್ 50 ಡಿಗ್ರಿಯಲ್ಲಿ ಒಂದು ಅಂಕಿ, 85ರಲ್ಲಿ ಇನ್ನೊಂದು.

ಅದರ ಮೇಲೆ ಕ್ಯಾಟಲಿಸ್ಟ್ ಆಟ ಬೇರೆ. ಸಿಒ ಸುಡಲು ಅದಕ್ಕೆ ಸುಮಾರು 200–250 ಡಿಗ್ರಿ ಬೇಕು. ಐಡಲ್‌ನಲ್ಲಿ ಹೊಗೆ ಅಷ್ಟು ಬಿಸಿಯಾಗುವುದೇ ಇಲ್ಲ. ಆದರೆ ಗಾಡಿ ಆಗಷ್ಟೇ ರ‍್ಯಾಂಪ್ ಹತ್ತಿ ಬಂದಿದ್ದರೆ ಕ್ಯಾಟಲಿಸ್ಟ್ ಇನ್ನೂ ಕಾದಿರುತ್ತದೆ, 60 ಬರುತ್ತದೆ. ಅರ್ಧ ಗಂಟೆ ನಿಂತಿದ್ದರೆ 340. ನಿಮ್ಮ ಸೋಮವಾರ–ಗುರುವಾರದ ವ್ಯತ್ಯಾಸ ಪೂರ್ತಿ ಇಷ್ಟೇ ಇರಬಹುದು.

ಆದ್ದರಿಂದ ಮೊದಲ ಮಾತು: ಪ್ರತಿ ಸಲ ಒಂದೇ ತೆರನಾದ ಲೋಡ್. ಅಮೆರಿಕದ ಭೂಗತ ಕಲ್ಲಿದ್ದಲು ಗಣಿಗಳ ನಿಯಮ ಇದನ್ನೇ ಕೇಳುತ್ತದೆ: ವಾರಕ್ಕೊಮ್ಮೆ, ಮತ್ತೆ ಮತ್ತೆ ಅದೇ ರೀತಿ ಮಾಡಬಹುದಾದ ಲೋಡ್ ಪರೀಕ್ಷೆಯಲ್ಲಿ, ಗಾಳಿ ಬೆರೆಯದ ಹೊಗೆಯಲ್ಲಿ ಸಿಒ ಅಳತೆ. ನಿಮ್ಮದು ಟಾರ್ಕ್ ಕನ್ವರ್ಟರ್ ಗಾಡಿಯಾದ್ದರಿಂದ ಸ್ಟಾಲ್ ಪರೀಕ್ಷೆಯೇ ಸುಲಭ:

ಕೂಲಂಟ್ ಮತ್ತು ಟ್ರಾನ್ಸ್‌ಮಿಷನ್ ಎಣ್ಣೆ ಎರಡೂ ಕೆಲಸದ ಬಿಸಿಗೆ ಬಂದಿರಲಿ (ಸುಮಾರು 80 ಡಿಗ್ರಿ). ಸರ್ವಿಸ್ ಬ್ರೇಕ್ ಒತ್ತಿ, ಅತಿ ಮೇಲಿನ ಗೇರ್‌ಗೆ ಹಾಕಿ, ನಿಧಾನವಾಗಿ ಪೂರ್ತಿ ಆಕ್ಸಿಲರೇಟರ್. ಚಕ್ರ ನಿಂತೇ ಇರುತ್ತದೆ, ಕನ್ವರ್ಟರ್ ಎಂಜಿನ್ನನ್ನು ಹಿಡಿದು ಆರ್‌ಪಿಎಂ ಇಳಿಸುತ್ತದೆ. ಸ್ಟಾಲ್ ಆರ್‌ಪಿಎಂ ಮ್ಯಾನ್ಯುಯಲ್‌ನಲ್ಲಿದೆ, ಅದನ್ನೂ ಬರೆದಿಡಿ. ಹೇಳಿದ್ದಕ್ಕಿಂತ 100–150 ಕಡಿಮೆ ಬಂದರೆ ಎಂಜಿನ್ ಸೊರಗಿದೆ, ಜಾಸ್ತಿ ಬಂದರೆ ಕನ್ವರ್ಟರ್ ಅಥವಾ ಕ್ಲಚ್ ಪ್ಯಾಕ್ ಜಾರುತ್ತಿರಬಹುದು. ಆಗ ಹೊಗೆಯ ಅಂಕಿ ನೋಡಿ ಪ್ರಯೋಜನವಿಲ್ಲ.

ಒಂದು ಸ್ಟಾಲ್ 30 ಸೆಕೆಂಡ್ ದಾಟಬಾರದು. ನಂತರ ನ್ಯೂಟ್ರಲ್‌ನಲ್ಲಿ 1,200 ಆರ್‌ಪಿಎಂ ಆಸುಪಾಸಿನಲ್ಲಿ ಎರಡು ನಿಮಿಷ ಓಡಿಸಿ ಎಣ್ಣೆ ತಣಿಸಿ. ಹೀಗೆ ಮೂರು ಸಲ.

ಲಿಂಗಸೂಗೂರು_ಫಿಟ್ಟರ್:

ಗಣಿಗಾಳಿ ಸರ್ ಹೇಳಿದ್ದು ಖರೇ ಅದ. ಆದ್ರ ಸ್ಟಾಲ್ ಮಾಡೋಕಿಂತ ಮೊದ್ಲ ಬ್ರೇಕ್ ನೋಡ್ಕೊಳ್ರಿ. ಬ್ರೇಕ್ ಹಿಡೀಲಾರದ ಗಾಡಿಗೆ ಮ್ಯಾಲಿನ ಗೇರ್‌ನ್ಯಾಗ ಪೂರ್ತಿ ರೇಸ್ ಕೊಟ್ರ ಅದು ಎದುರಿನ ಗೋಡಿಗೆ ಹೋಗಿ ನಿಲ್ತದ. ಬಕೆಟ್ ನೆಲಕ್ಕ ಒತ್ತಿರ್ಬೇಕು, ಚಕ್ರಕ್ಕ ಕಟ್ಟಿಗಿ ಗುಟ್ಟ ಇಟ್ಟಿರ್ಬೇಕು, ಮುಂದ ಹಿಂದ ಹಗ್ಗ ಕಟ್ಟಿ ಮಂದಿ ಬರದಂಗ ಮಾಡ್ರಿ. ನಡು ಸಂದಿಗೆ, ಅಂದ್ರ ಗಾಡಿ ಮಡಚೋ ಜಾಗಕ್ಕ, ಪ್ರೋಬ್ ಹಿಡಿದ ಹುಡುಗ ಹೋಗ್ಲೇಬಾರದು. ಸ್ಟಿಯರಿಂಗ್ ಒಮ್ಮಿ ಅಲುಗಿದ್ರ ಅಲ್ಲಿ ಜಾಗನ ಇರಂಗಿಲ್ಲ. ಹೊಗಿ ಹೋಗೋ ದಾರಿ ರಿಟರ್ನ್ ಕಡೆ, ಅಂದ್ರ ಗಣಿ ಗಾಳಿ ಹೊರಗ ಹೋಗೋ ಕಡೆ ಇರ್ಲಿ.

ಟ್ರಾನ್ಸ್‌ಮಿಷನ್ ಎಣ್ಣಿ 120 ಡಿಗ್ರಿ ಮುಟ್ಟಿದ್ರ ಪರೀಕ್ಷೆ ಅಲ್ಲಿಗೇ ಬಿಡ್ರಿ.

ಇನ್ನ ಪ್ರೋಬ್ ಪೈಪಿನ ತುದಿಗೆ ಹಿಡಿಯೋದು ಬ್ಯಾಡ. ಹೊಗಿ ಬಡದ್ ಬಡದ್ ಬರ್ತದಲ್ರಿ, ಎರಡು ಬಡತದ ನಡುವ ಹೊರಗಿನ ಗಾಳಿ ಒಳಗ ಎಳಕೊಳ್ತದ. ಒಂದ್ ಅಡಿಗಿಂತ ಒಳಗ ಹೋಗ್ಬೇಕು. ಅದಕ್ಕಿಂತ ಛಲೋ ಅಂದ್ರ ಕಾಯಂ ಪೋರ್ಟ್. ಕ್ಯಾಟಲಿಸ್ಟ್ ಮೊದ್ಲ ಒಂದು, ಆಮ್ಯಾಲೆ ಒಂದು. ಅರ್ಧ ಇಂಚಿನ ಸ್ಟೀಲ್ ಸಾಕೆಟ್ ವೆಲ್ಡ್ ಮಾಡಿ ಪ್ಲಗ್ ಹಾಕ್ರಿ, ಥ್ರೆಡ್‌ಗೆ ಆಂಟಿ–ಸೀಜ್ ಹಚ್ಚಲಿಲ್ಲಂದ್ರ ಮುಂದಿನ ಸಲ ಪ್ಲಗ್ ತಿರುಗಂಗಿಲ್ಲ. ಬೆಂಡ್ ಆದ ತಕ್ಷಣ ಪೋರ್ಟ್ ಇಡ್ಬ್ಯಾಡ್ರಿ, ಪೈಪಿನ ವ್ಯಾಸದ ಮೂರು ಪಟ್ಟು ದೂರ ನೇರ ಇರೋ ಜಾಗ ನೋಡ್ರಿ. ಟರ್ಬೊ ಆದ ಮ್ಯಾಲೆ ಇರೋ ಬೆಲ್ಲೋಸ್ ಒಡದಿದ್ರ ಪೋರ್ಟ್ ಎಲ್ಲಿದ್ರೂ ರೀಡಿಂಗ್ ಸುಳ್ಳ. ಕರಿ ಗೆರಿ ಬಿದ್ದಿರ್ತದ, ಕಣ್ಣಿಗೇ ಕಾಣ್ತದ.

ಡಿಕ್ಲೈನ್_ದಾರಿ:

ಧನ್ಯವಾದ ಇಬ್ಬರಿಗೂ. ಒಂದು ಅನುಮಾನ: ಅನಲೈಸರ್ ಪುಸ್ತಕದಲ್ಲಿ ಸಿಒ ಸೆಲ್ ಶೇ. 90 ಮುಟ್ಟಲು 40 ಸೆಕೆಂಡ್ ಎಂದಿದೆ. ಸ್ಟಾಲ್ 30 ಸೆಕೆಂಡ್ ಮಾತ್ರ. ಹಾಗಾದರೆ ಪೂರ್ತಿ ರೀಡಿಂಗ್ ಬರುವುದೇ ಇಲ್ಲವಲ್ಲ?

ಅನಿಲಲೆಕ್ಕ:

ಬರುವುದಿಲ್ಲ, ನಿಜ. ಬಹಳ ಕಡೆ ಇದನ್ನು ಗಮನಿಸುವುದೇ ಇಲ್ಲ. ಎಲೆಕ್ಟ್ರೋಕೆಮಿಕಲ್ ಸೆಲ್ ನಿಧಾನ, ಅದರ ಮೇಲೆ ಹೋಸ್ ಉದ್ದದ ವಿಳಂಬ. ಮೂರು ಮೀಟರ್ ಹೋಸ್ ಹಾಕಿದರೆ ಅನಿಲ ಸೆಲ್ ಮುಟ್ಟಲೇ ಕೆಲವು ಸೆಕೆಂಡ್. ಹಾಗಾಗಿ ಸ್ಟಾಲ್‌ನಲ್ಲಿ ಸಿಗುವುದು ನಿಜ ಮೌಲ್ಯದ ಒಂದು ಭಾಗ. ಆ ಭಾಗ ಪ್ರತಿ ಸಲ ಅಷ್ಟೇ ಇದ್ದರೆ ಹೋಲಿಕೆಗೆ ತೊಂದರೆಯಿಲ್ಲ. ಅದೇ ಹೋಸ್, ಅದೇ ಉದ್ದ, ಅದೇ 30 ಸೆಕೆಂಡ್. ಗಡಿಯಾರ ಹಿಡಿದು ಮಾಡಿ, 25ರಿಂದ 30ನೇ ಸೆಕೆಂಡಿನ ಸರಾಸರಿ ತೆಗೆಯಿರಿ. ಲಾಗಿಂಗ್ ಇದ್ದರೆ ಒಂದು ಸೆಕೆಂಡಿಗೆ ಇಡಿ. ಮೂರು ಸ್ಟಾಲ್‌ಗಳ ಅಂಕಿ ಶೇ. 10ರ ಒಳಗೆ ಹೊಂದಬೇಕು. ಮೊದಲನೆಯದು ಬೇರೆಯಾಗಿ ಉಳಿದೆರಡು ಹೊಂದಿದರೆ ಎಂಜಿನ್ ಇನ್ನೂ ಕಾದಿರಲಿಲ್ಲ ಎಂದರ್ಥ. ಅದನ್ನು ಬಿಟ್ಟು ನಾಲ್ಕನೆಯದು ಮಾಡಿ.

ಇದೇ ಕಾರಣಕ್ಕೆ ಸ್ಟಾಲ್‌ನ ಪಿಪಿಎಂ ಅನ್ನು ಎಂಜಿನ್ ಪ್ರಮಾಣಪತ್ರದ ಗ್ರಾಂ/ಕಿಲೋವ್ಯಾಟ್–ಗಂಟೆಗೆ ಹೋಲಿಸಲು ಹೋಗಬೇಡಿ. ಅದು ಐಎಸ್‌ಒ 8178ರ ಸಿ1 ಸೈಕಲ್, ಎಂಟು ಮೋಡ್, ಡೈನಮೋಮೀಟರ್ ಮೇಲೆ, ಹೊಗೆಯ ಹರಿವನ್ನೂ ಅಳೆದು ಬರೆದದ್ದು. ನಿಮ್ಮ ಗಾಡಿಯನ್ನು ನಿಮ್ಮ ಗಾಡಿಯ ಹಳೇ ಅಂಕಿಗೇ ಹೋಲಿಸಿ.

ಈಗ ಉಪಕರಣದ ಮಾತು. ಸೊನ್ನೆ ಮಾಡುವುದನ್ನು ಕೆಳಗೆ, ಕೆಲಸದ ಜಾಗದಲ್ಲಿ ಮಾಡಬೇಡಿ. ಸುತ್ತಲಿನ ಗಾಳಿಯಲ್ಲಿ 15 ಪಿಪಿಎಂ ಸಿಒ ಇದ್ದರೆ ಯಂತ್ರ ಅದನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಮೇಲೆ ಅಥವಾ ಇನ್‌ಟೇಕ್ (ಗಣಿಯೊಳಗೆ ಬರುವ ತಾಜಾ) ಗಾಳಿಯಲ್ಲಿ ಮಾಡಿ. ಎನ್‌ಒ2ಗೆ ಇದು ಇನ್ನೂ ಮುಖ್ಯ, ಅಲ್ಲಿ ನೋಡುವುದೇ ಕೆಲವು ಹತ್ತು ಪಿಪಿಎಂ.

ಮುಂದೆ ಲೀಕ್. ಪ್ರೋಬ್ ತುದಿ ಮುಚ್ಚಿ, ಪಂಪ್ ಉಸಿರುಗಟ್ಟಿ ಹರಿವಿನ ಅಲಾರಂ ಕೂಗಬೇಕು. ಕೂಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹೆಚ್ಚಾಗಿ ವಾಟರ್ ಟ್ರ್ಯಾಪ್‌ನ ಓ–ರಿಂಗ್.

ಲೆಕ್ಕದಲ್ಲೂ ಒಂದು ಪರೀಕ್ಷೆ ಇದೆ. ಡೀಸೆಲ್ ಉರಿದಾಗ ಆಮ್ಲಜನಕ ಎಷ್ಟು ಇಳಿಯಿತೋ ಅದರ ಸುಮಾರು 0.74 ಪಟ್ಟು ಸಿಒ2 ಏರಬೇಕು. ಆಮ್ಲಜನಕ 10% ಇದ್ದರೆ 20.9ರಿಂದ ಇಳಿದದ್ದು 10.9, ಸಿಒ2 8% ಹತ್ತಿರ. ಪರದೆ ಮೇಲೆ 6.5 ತೋರಿದರೆ ಒಂದು ಸೆನ್ಸರ್ ಕೆಟ್ಟಿದೆ. ಇಲ್ಲಿ ಎಚ್ಚರ: ಲೀಕ್ ಇದ್ದರೆ ಈ ಲೆಕ್ಕ ಅದನ್ನು ಹಿಡಿಯುವುದಿಲ್ಲ. ಹೊರಗಾಳಿ ಬೆರೆತರೆ ಆಮ್ಲಜನಕ ಏರುತ್ತದೆ, ಸಿಒ2 ಅದೇ ಅನುಪಾತದಲ್ಲಿ ಇಳಿಯುತ್ತದೆ, ಎರಡೂ ಅದೇ ಗೆರೆಯ ಮೇಲೇ ಕೂತಿರುತ್ತವೆ. ಆದ್ದರಿಂದ ತುದಿ ಮುಚ್ಚುವ ಪರೀಕ್ಷೆ ಬಿಡುವಂತಿಲ್ಲ. ಅನಲೈಸರ್ ಸಿಒ2ವನ್ನು ಅಳೆಯದೆ ಆಮ್ಲಜನಕದಿಂದ ಲೆಕ್ಕಹಾಕಿ ತೋರಿಸುವ ಮಾದರಿಯಾದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ, ಯಾವಾಗಲೂ ಸರಿಯೇ ಬರುತ್ತದೆ. ನಿಮ್ಮದರಲ್ಲಿ ಇನ್‌ಫ್ರಾರೆಡ್ ಇದೆ, ಉಪಯೋಗಿಸಿ.

ನಾಜಲ್_ನಾಗ:

ಸಿಒ ಸೆಲ್ ಹೈಡ್ರೋಜನ್‌ಗೂ ಸ್ಪಂದಿಸುತ್ತದೆ, ಅದನ್ನು ಹೇಳಲು ಮರೆತಿರಿ. ಹೈಡ್ರೋಜನ್ ಪರಿಹಾರ ಇರುವ ಸೆಲ್ ಅಲ್ಲದಿದ್ದರೆ ಅಂಕಿ ಉಬ್ಬಿ ಬರುತ್ತದೆ. ಮತ್ತೆ, ಹೈಡ್ರೋಸ್ಟಾಟಿಕ್ ಡ್ರೈವ್ ಗಾಡಿಗೆ ಏನು ಮಾಡುವುದು? ಬೋಲ್ಟರ್ (ಛಾವಣಿಗೆ ಬೋಲ್ಟ್ ಹಾಕುವ ಗಾಡಿ), ಸಿಸರ್ ಲಿಫ್ಟ್‌ಗಳಿಗೆ ಕನ್ವರ್ಟರೇ ಇಲ್ಲ.

ಗಣಿಗಾಳಿ:

ನಾಗ ಅವರೇ, ಅಲ್ಲಿ ಹೈಡ್ರಾಲಿಕ್ ರಿಲೀಫ್ ಮೇಲೆ ಲೋಡ್ ಕೊಡಬೇಕು. ಬೂಮ್ ಅಥವಾ ಲಿಫ್ಟ್ ಸಿಲಿಂಡರನ್ನು ಕೊನೆಗೆ ಮುಟ್ಟಿಸಿ ಲಿವರ್ ಹಿಡಿದರೆ ಪಂಪ್ ರಿಲೀಫ್ ಒತ್ತಡದಲ್ಲಿ ದುಡಿಯುತ್ತದೆ. ಪೂರ್ಣ ಲೋಡ್ ಆಗುವುದಿಲ್ಲ, ಎಷ್ಟಾಗುತ್ತದೆ ಎಂಬುದು ಪಂಪಿನ ಮೇಲೆ. ಹೈಡ್ರಾಲಿಕ್ ಎಣ್ಣೆ ಬೇಗ ಕಾಯುತ್ತದೆ, 15–20 ಸೆಕೆಂಡ್ ಸಾಕು. ಕ್ಲಚ್ ಇರುವ ಪಿಕಪ್, ಟ್ರ್ಯಾಕ್ಟರ್‌ಗಳಿಗೆ ಇದೂ ಇಲ್ಲ, ಸ್ನ್ಯಾಪ್ ಆಕ್ಸಿಲರೇಷನ್, ಅಂದರೆ ನ್ಯೂಟ್ರಲ್‌ನಲ್ಲಿ ಒಮ್ಮೆಲೇ ಪೂರ್ತಿ ರೇಸ್ ಕೊಡುವುದು, ಒಂದೇ ದಾರಿ.

ರಸ್ತೆ_ಬದಿ:

ಅಷ್ಟೆಲ್ಲ ಯಾಕೆ ಸ್ವಾಮಿ? ರಸ್ತೆ ಗಾಡಿಗೆ ಪಿಯುಸಿ ಮಾಡುವ ಸ್ಮೋಕ್ ಮೀಟರ್ ತಂದು ಎಲ್ಲಕ್ಕೂ ಹಿಡಿದರೆ ಆಯಿತಲ್ಲ. 65 ಹಾರ್ಟ್ರಿಜ್ (ಹೊಗೆ ಎಷ್ಟು ದಟ್ಟ ಎನ್ನುವ ಮಾನ) ಒಳಗಿದ್ದರೆ ಪಾಸ್.

ಅನಿಲಲೆಕ್ಕ:

65 ಹಾರ್ಟ್ರಿಜ್ ಎಂದರೆ ಬೆಳಕು ಹೀರುವ ಗುಣಾಂಕ 2.45. ಅದು ಭಾರತ್ ಸ್ಟೇಜ್–4ಕ್ಕಿಂತ ಹಿಂದಿನ ರಸ್ತೆ ಗಾಡಿಗಳಿಗೆ. ಸ್ಟೇಜ್–4ಕ್ಕೆ 50, ಅಂದರೆ 1.62. ಬಯಲಲ್ಲಿ ಓಡುವ ಬಸ್ಸಿಗೆ ಹಾಕಿದ ಗೆರೆ ಅದು. ಐದು ಮೀಟರ್ ಅಗಲದ ಡ್ರೈವ್‌ನೊಳಗೆ (ಗಣಿಯ ಸುರಂಗ) ಇಡೀ ಶಿಫ್ಟ್ ಓಡುವ ಗಾಡಿಗೆ 65 ಬಂದರೆ ಅದು ಪಾಸಲ್ಲ, ಕೂಡಲೇ ಹೊರಗೆ ತರಬೇಕಾದ ಗಾಡಿ.

ಆದರೆ ಮೀಟರನ್ನು ತಳ್ಳಿಹಾಕುವುದಿಲ್ಲ. ಸ್ನ್ಯಾಪ್‌ನಲ್ಲಿ ಬರುವ ಕರಿಹೊಗೆ ಟರ್ಬೊ ಹಿಂದೆ ಬೀಳುವುದನ್ನು, ಪಂಪಿನ ಸ್ಮೋಕ್ ಲಿಮಿಟರ್ ಕೆಟ್ಟಿರುವುದನ್ನು ಚೆನ್ನಾಗಿ ತೋರಿಸುತ್ತದೆ. ಸ್ಥಿರ ಲೋಡ್‌ನಲ್ಲಿ ಏನಾಗುತ್ತಿದೆ ಎಂದು ಹೇಳುವುದಿಲ್ಲ. ಹೊಸ ಎಲೆಕ್ಟ್ರಾನಿಕ್ ಎಂಜಿನ್‌ಗಳಲ್ಲಿ ಅಂಕಿ ಎಷ್ಟು ಕೆಳಗಿರುತ್ತದೆ ಎಂದರೆ ಮೀಟರಿನ ಸ್ವಂತ ಅಲುಗಾಟದಲ್ಲೇ ಮುಳುಗಿಹೋಗುತ್ತದೆ.

ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಗೆ ಇದಕ್ಕಿಂತ ಅಗ್ಗದ ದಾರಿ ಬಾಕರಾಕ್ ಕೈಪಂಪ್. ಬಿಳಿ ಕಾಗದದ ಪಟ್ಟಿ, ಹತ್ತು ಸಲ ಎಳೆತ, ಬಿದ್ದ ಮಚ್ಚೆಯನ್ನು 0–9ರ ಪಟ್ಟಿಯ ಜೊತೆ ಹಿಡಿದು ನೋಡುವುದು. ಫಿಲ್ಟರ್‌ಗೆ ಮೊದಲು 7, 8, 9 ಏನೇ ಬರಲಿ, ನಂತರ ಕಾಗದ ಬಹುತೇಕ ಬಿಳಿಯಾಗಿಯೇ ಇರಬೇಕು. 3 ಬಂತೆಂದರೆ ಒಳಗಿನ ಸೆರಾಮಿಕ್ ಬಿರುಕು ಬಿಟ್ಟಿದೆ ಅಥವಾ ಕ್ಯಾನ್ ಸುತ್ತ ಹೊಗೆ ನುಸುಳುತ್ತಿದೆ. ಬೆಲೆಬಾಳುವ ಉಪಕರಣ ಬೇಡವೇ ಬೇಡ.

ಲಿಂಗಸೂಗೂರು_ಫಿಟ್ಟರ್:

ರೀಡಿಂಗ್ ಬಂತು, ಮುಂದ ಏನು ಬಿಚ್ಚಬೇಕು ಅನ್ನೋದು ಹೇಳ್ತೀನ್ರಿ. ಕ್ಯಾಟಲಿಸ್ಟ್ ಮೊದಲಿನ ಪೋರ್ಟ್ ರೀಡಿಂಗ್ ಹಿಡೀರಿ. ಆಮ್ಯಾಲಿಂದು ಹಿಡಿದ್ರ ಎಂಜಿನ್ ರೋಗ ಎಲ್ಲಾ ಕ್ಯಾಟಲಿಸ್ಟ್ ಮುಚ್ಚಿ ಇಡ್ತದ.

ಸ್ಟಾಲ್‌ನ್ಯಾಗ ಆಮ್ಲಜನಕ ಮೊದ್ಲ 10 ಬರ್ತಿತ್ತು, ಈಗ 7 ಬಂತು, ಸಿಒ ಡಬಲ್ ಆತು, ಕರಿಹೊಗಿ: ಗಾಳಿ ಸಾಲವಲ್ದು. ಮೊದ್ಲ ಏರ್ ಕ್ಲೀನರ್. ಕಣ್ಣಿಲೆ ನೋಡಿ ಛಲೋ ಅದ ಅನ್ನಬ್ಯಾಡ್ರಿ, ವಾಟರ್ ಮ್ಯಾನೋಮೀಟರ್ ಹಾಕ್ರಿ. ಸ್ಟಾಲ್‌ನ್ಯಾಗ 25 ಇಂಚು ನೀರು, ಅಂದ್ರ 6.2 ಕಿಲೋಪಾಸ್ಕಲ್, ಬಹಳಷ್ಟು ಟರ್ಬೊ ಎಂಜಿನ್ನಿಗೆ ಕಡೀ ಮಿತಿ. ನಿಮ್ಮ ಎಂಜಿನ್ ಪುಸ್ತಕದಾಗ ಏನದ ಅದನ್ನ ಹಿಡೀರಿ. ಕಂಪ್ರೆಸರ್ ಗಾಳಿಲೆ ಫಿಲ್ಟರ್ ಊದಿ ಊದಿ ಹಾಕೋದು ಬಿಡ್ರಿ, ಕಾಗದ ಹರದು ಧೂಳ ನೇರ ಟರ್ಬೊಕ್ಕ ಹೋಗ್ತದ. ಆಮ್ಯಾಲೆ ಟರ್ಬೊದಿಂದ ಮ್ಯಾನಿಫೋಲ್ಡ್‌ಗೆ ಹೋಗೋ ಹೋಸ್ ಕ್ಲಾಂಪ್, ಚಾರ್ಜ್ ಕೂಲರ್ (ಟರ್ಬೊ ಗಾಳಿ ತಣಿಸೋದು), ಕಡೀಕ ಟರ್ಬೊ ಶಾಫ್ಟ್ ಆಟ.

ಗಾಳಿ ದಾರಿ ಸರಿ ಅದ, ಸಿಒ ಇನ್ನೂ ಜಾಸ್ತಿ, ಸ್ಟಾಲ್ ಆರ್‌ಪಿಎಂ ಸೈತ ಮ್ಯಾಲೆ: ಯಾರೋ ಪಂಪಿನ ಸ್ಕ್ರೂ ತಿರುವ್ಯಾರ. ಸೀಲ್ ನೋಡ್ರಿ. ಗಾಡಿ ಎಳೀವಲ್ದು ಅಂತ ಆಪರೇಟರ್ ಒತ್ತಾಯಕ್ಕ ಡೀಸೆಲ್ ಜಾಸ್ತಿ ಬಿಡೋದು ಎಲ್ಲಾ ವರ್ಕ್‌ಶಾಪಿನ ರೋಗ.

ಐಡಲ್‌ನ್ಯಾಗ ಕಣ್ಣು ಉರಿಯೋ ಬಿಳಿಹೊಗಿ, ಆಮ್ಲಜನಕ ಸರಿ, ಸಿಒ ಜಾಸ್ತಿ: ನಾಜಲ್ ತೊಟ್ಟಿಕ್ಕಲಿಕತ್ತದ ಅಥವಾ ಕಂಪ್ರೆಷನ್ ಬಿದ್ದದ. ಸಿಒ ಏರಿ ಎನ್‌ಒ ಇಳಿದ್ರ ಟೈಮಿಂಗ್ ಹಿಂದ ಬಿದ್ದದ. ಎನ್‌ಒ ಒಂದ ಏರಿದ್ರ ಟೈಮಿಂಗ್ ಮುಂದ ಹೋಗ್ಯದ, ಇಲ್ಲಾ ಚಾರ್ಜ್ ಕೂಲರ್ ಹೊರಗಿಂದ ಮಣ್ಣು ಮೆತ್ತಿ ಒಳಗ ಹೋಗೋ ಗಾಳಿ ಕಾಯಲಿಕತ್ತದ.

ಕ್ಯಾಟಲಿಸ್ಟ್ ನೋಡಬೇಕಂದ್ರ ಅದೇ ಸ್ಟಾಲ್‌ನ್ಯಾಗ ಎರಡೂ ಪೋರ್ಟ್. ಮೊದ್ಲ 400 ಇದ್ದದ್ದು ಆಮ್ಯಾಲೆ 40 ಆದ್ರ ಜೀವ ಅದ. 250 ಉಳಿದ್ರ ಮಸಿ ಕಟ್ಟ್ಯದ ಅಥವಾ ಸತ್ತದ.

ಡಿಕ್ಲೈನ್_ದಾರಿ:

ಅಣ್ಣ, ಇದನ್ನು ಪ್ರಿಂಟ್ ಮಾಡಿ ವರ್ಕ್‌ಶಾಪ್ ಗೋಡೆಗೆ ಹಚ್ಚುವಂತಿದೆ. ಸಿಒ ಎಷ್ಟು ಏರಿದರೆ ಗಾಡಿ ನಿಲ್ಲಿಸಬೇಕು?

ಗಣಿಗಾಳಿ:

ಡಿಜಿಎಂಎಸ್ (ಗಣಿ ಸುರಕ್ಷತಾ ಮಹಾನಿರ್ದೇಶನಾಲಯ) ಅನುಮತಿ ಪತ್ರದಲ್ಲಿ ಬರೆದ ಮಿತಿ ಮೊದಲು. ಅದು ದಾಟಿದರೆ ಚರ್ಚೆಯೇ ಇಲ್ಲ, ಗಾಡಿ ನಿಲ್ಲಬೇಕು. ಆದರೆ ಅಂಥ ಮಿತಿಗಳು ಸಡಿಲ. ಚೆನ್ನಾಗಿರುವ ಎಂಜಿನ್ ಅದರ ಕಾಲುಭಾಗವನ್ನೂ ಮುಟ್ಟುವುದಿಲ್ಲ. ಅಲ್ಲಿಯವರೆಗೆ ಕಾದರೆ ಕಾಯಿಲೆ ಪೂರ್ತಿ ಬಲಿತ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಪ್ರತಿ ಗಾಡಿಗೂ ಅದರದ್ದೇ ಮೂಲ ಅಂಕಿ: ಫಿಲ್ಟರ್, ನಾಜಲ್, ಟೈಮಿಂಗ್ ಎಲ್ಲ ಸರಿಮಾಡಿದ ನಂತರದ ನಾಲ್ಕು ವಾರಗಳ ಸರಾಸರಿ. ಅದರ ಒಂದೂವರೆ ಪಟ್ಟಾದರೆ ಮುಂದಿನ ಸರ್ವಿಸ್‌ಗೆ ಕಾಯದೆ ಏರ್ ಕ್ಲೀನರ್‌ನಿಂದ ಶುರುಮಾಡಿ. ಎರಡು ಪಟ್ಟಾದರೆ ಗಾಡಿ ವರ್ಕ್‌ಶಾಪಿಗೆ. ಈ ಒಂದೂವರೆ, ಎರಡು ನನ್ನ ಅಭಿಪ್ರಾಯ, ಕಾನೂನಲ್ಲ. ಒಂದು ಗಾಡಿಯ ಮೂಲ ಅಂಕಿಯನ್ನು ಇನ್ನೊಂದಕ್ಕೆ ಹಾಕಬೇಡಿ, ಒಂದೇ ಮಾಡೆಲ್ ಆದರೂ.

ಸಡ್ಬರಿ_ಕನ್ನಡಿಗ:

ಮಸಿಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅನಿಲದ ಅಂಕಿಯಿಂದ ಮಸಿ ಗೊತ್ತಾಗುವುದಿಲ್ಲ. ಸಿಒ ಏರಿದಾಗ ಮಸಿ ಏರಿರುವ ಸಂಭವ ಹೆಚ್ಚು, ಅಷ್ಟೆ. ಹಾಗೆಯೇ ಪೈಪಿನ ಅಳತೆ ಎಂಜಿನ್ನಿನ ಆರೋಗ್ಯಕ್ಕೆ. ಆಪರೇಟರ್ ಏನು ಉಸಿರಾಡುತ್ತಿದ್ದಾನೆ ಎಂದು ತಿಳಿಯಲು ಅವನ ಕಾಲರ್ ಮೇಲೇ ಅಳೆಯಬೇಕು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಡೀಸೆಲ್ ಹೊಗೆಯನ್ನು 2012ರಲ್ಲಿ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿಗೆ ಸೇರಿಸಿದೆ.

ಅಳತೆ ಎನ್‌ಐಒಎಸ್‌ಎಚ್ (ಅಮೆರಿಕದ ಔದ್ಯೋಗಿಕ ಸುರಕ್ಷತೆ–ಆರೋಗ್ಯ ಸಂಸ್ಥೆ) 5040 ವಿಧಾನದಲ್ಲಿ. ಪಂಪ್ ನಿಮಿಷಕ್ಕೆ 1.7 ಲೀಟರ್, ಮುಂದೆ ದಪ್ಪ ಧೂಳು ಬೇರ್ಪಡಿಸುವ ಸೈಕ್ಲೋನ್, ಅದರ ಹಿಂದೆ ಇಂಪ್ಯಾಕ್ಟರ್ ಸಹಿತ 37 ಮಿ.ಮೀ. ಕ್ವಾರ್ಟ್ಜ್ ಫಿಲ್ಟರ್ ಕ್ಯಾಸೆಟ್. ಇಂಪ್ಯಾಕ್ಟರ್ ಸುಮಾರು ಒಂದು ಮೈಕ್ರಾನ್‌ಗಿಂತ ದಪ್ಪದ ಕಲ್ಲಿನ ಧೂಳನ್ನು ತಡೆಯುತ್ತದೆ, ಡೀಸೆಲ್ ಮಸಿ ಅದಕ್ಕಿಂತ ಸಣ್ಣದು, ಒಳಗೆ ಹೋಗುತ್ತದೆ. ಇಡೀ ಶಿಫ್ಟ್ ಓಡಿಸಿ. 8 ಗಂಟೆಗೆ 816 ಲೀಟರ್ ಗಾಳಿ. ಲ್ಯಾಬಿನವರು ಫಿಲ್ಟರಿನ 1.5 ಚದರ ಸೆಂ.ಮೀ. ತುಂಡನ್ನು ಮೊದಲು ಹೀಲಿಯಂನಲ್ಲಿ ಕಾಯಿಸಿ ಸಾವಯವ ಇಂಗಾಲ ತೆಗೆಯುತ್ತಾರೆ, ನಂತರ ಆಮ್ಲಜನಕ ಬಿಟ್ಟು ಉಳಿದ ಮೂಲ ಇಂಗಾಲವನ್ನು, ಅಂದರೆ ಇಸಿಯನ್ನು ಸುಟ್ಟು ಅಳೆಯುತ್ತಾರೆ.

ವರದಿಯಲ್ಲಿ ಚದರ ಸೆಂ.ಮೀ.ಗೆ 7 ಮೈಕ್ರೋಗ್ರಾಂ ಇಸಿ ಎಂದು ಬಂದರೆ, ಮಸಿ ಕೂತ ಒಟ್ಟು ಜಾಗ 8.5 ಚದರ ಸೆಂ.ಮೀ. ಎಂದಿಟ್ಟುಕೊಂಡರೆ 59.5 ಮೈಕ್ರೋಗ್ರಾಂ, ಭಾಗಿಸು 0.816 ಘನ ಮೀಟರ್, ಸುಮಾರು 73 ಮೈಕ್ರೋಗ್ರಾಂ ಪ್ರತಿ ಘನ ಮೀಟರಿಗೆ. ಮಸಿ ಕೂರುವ ಜಾಗ ಕ್ಯಾಸೆಟ್ ಮಾದರಿಯಿಂದ ಮಾದರಿಗೆ ಬೇರೆ. ಲ್ಯಾಬಿಗೆ ಯಾವ ಕ್ಯಾಸೆಟ್ ಎಂದು ತಿಳಿಸದಿದ್ದರೆ ಉತ್ತರ ಅಲ್ಲೇ ತಪ್ಪುತ್ತದೆ.

ಹೋಲಿಕೆಗೆ: ಯುರೋಪಿಯನ್ ಒಕ್ಕೂಟದ ಮಿತಿ ಇಸಿ 50 ಮೈಕ್ರೋಗ್ರಾಂ, ಭೂಗತ ಗಣಿ ಮತ್ತು ಸುರಂಗ ಕೆಲಸಕ್ಕೆ 2026ರ ಫೆಬ್ರವರಿ 21ರಿಂದ. ಇಲ್ಲಿ ಕೆನಡಾದ ಒಂಟಾರಿಯೊದಲ್ಲಿ 2023ರ ಸೆಪ್ಟೆಂಬರ್‌ನಿಂದ 120. ಅಮೆರಿಕದ ಲೋಹ ಮತ್ತು ಅಲೋಹ ಗಣಿಗಳಲ್ಲಿ 2008ರಿಂದ ಒಟ್ಟು ಇಂಗಾಲ 160. ಒಟ್ಟು ಇಂಗಾಲ ಬೇರೆ, ಇಸಿ ಬೇರೆ, ನೇರ ಹೋಲಿಸಬೇಡಿ. ಅಲ್ಲಿ ಇಸಿಯನ್ನು 1.3ರಿಂದ ಗುಣಿಸಿ ಒಟ್ಟು ಇಂಗಾಲಕ್ಕೆ ತರುತ್ತಾರೆ.

ನಾಜಲ್_ನಾಗ:

ಒಟ್ಟು ಇಂಗಾಲವನ್ನೇ ನೇರ ಅಳೆದರೆ ಏನು ತೊಂದರೆ?

ಸಡ್ಬರಿ_ಕನ್ನಡಿಗ:

ಬೀಡಿ ಹೊಗೆ ಮತ್ತು ಜಾಕ್‌ಹ್ಯಾಮರ್‌ನಿಂದ ಹಾರುವ ಎಣ್ಣೆಯ ಮಂಜು. ಎರಡೂ ಸಾವಯವ ಇಂಗಾಲವನ್ನು ಏರಿಸುತ್ತವೆ, ಡೀಸೆಲ್‌ಗೂ ಅದಕ್ಕೂ ಸಂಬಂಧವಿಲ್ಲ. ಇಸಿಗೆ ಭೂಗತ ಲೋಹದ ಗಣಿಯಲ್ಲಿ ಡೀಸೆಲ್ ಬಿಟ್ಟು ಬೇರೆ ದೊಡ್ಡ ಮೂಲವಿಲ್ಲ. ಹೊರಗೆ ತೆಗೆದೂ ಬಳಸದ ಎರಡು ಖಾಲಿ ಕ್ಯಾಸೆಟ್‌ಗಳನ್ನು ಪ್ರತಿ ಕಂತಿನ ಜೊತೆ ಕಳಿಸಿ.

ಪಂಪ್ ಬಗ್ಗೆ ಇನ್ನೊಂದು: ಹರಿವನ್ನು ಶಿಫ್ಟ್‌ಗೆ ಮೊದಲು ಮತ್ತು ನಂತರ, ಕ್ಯಾಸೆಟ್ ಜೋಡಿಸಿಯೇ ನೋಡಿ, ಶೇ. 5ಕ್ಕಿಂತ ಹೆಚ್ಚು ಬದಲಾಗಿದ್ದರೆ ಸ್ಯಾಂಪಲ್ ರದ್ದು. ಹಟ್ಟಿಯಂಥ ಆಳದ ಗಣಿಯಲ್ಲಿ 900 ಮೀಟರ್ ಕೆಳಗೆ ಗಾಳಿಯ ಒತ್ತಡ ಮೇಲಿಗಿಂತ ಸುಮಾರು 10 ಕಿಲೋಪಾಸ್ಕಲ್ ಹೆಚ್ಚು. ಮೇಲೆ ಹೊಂದಿಸಿದ ಪಂಪ್ ಕೆಳಗೆ ಅದೇ ಹರಿವು ಕೊಡುತ್ತದೆ ಎಂದು ನಂಬಬೇಡಿ. ಅಳೆಯುವ ಲೆವೆಲ್‌ನಲ್ಲೇ ಹೊಂದಿಸಿ. ಬ್ಲಾಸ್ಟಿಂಗ್ ಹೊಗೆ ಪೂರ್ತಿ ಹೊರಹೋಗುವ ಮುನ್ನ ಸಿಒ, ಎನ್‌ಒ2 ಅಳೆದು ಡೀಸೆಲ್ ತಲೆಗೆ ಕಟ್ಟುವುದೂ ಬೇಡ.

ಡಿಕ್ಲೈನ್_ದಾರಿ:

ಲ್ಯಾಬ್ ವರದಿ ಬರಲು ವಾರಗಳೇ ಆಗಬಹುದು. ದಿನನಿತ್ಯ ಗಾಳಿ ಸಾಕೋ ಸಾಲದೋ ತಿಳಿಯುವ ಬೇರೆ ಉಪಾಯ?

ಗಣಿಗಾಳಿ:

ಸಿಒ2 ಮೀಟರ್. ನನ್ನ ಮಟ್ಟಿಗೆ ಗಣಿಯಲ್ಲಿ ಅತಿ ಕಡಿಮೆ ಬಳಕೆಯಾಗುವ, ಅತಿ ಹೆಚ್ಚು ಸತ್ಯ ಹೇಳುವ ಉಪಕರಣ.

ಒಂಟಾರಿಯೊ ನಿಯಮದಂತೆ ಪ್ರತಿ ಕಿಲೋವ್ಯಾಟ್‌ಗೆ ಸೆಕೆಂಡಿಗೆ 0.06 ಘನ ಮೀಟರ್ ಗಾಳಿ. 150 ಕಿಲೋವ್ಯಾಟ್ ಎಲ್‌ಎಚ್‌ಡಿಗೆ 9. ಫ್ಯಾನ್ ಹತ್ತಿರ 14 ಅಳೆದು ನಿಶ್ಚಿಂತರಾಗುವುದು ರೂಢಿ. ಹರಿದ ಡಕ್ಟ್‌ನಲ್ಲಿ ಅದರ ಅರ್ಧ ದಾರಿಯಲ್ಲೇ ಸೋರಿಹೋಗಬಹುದು. ಈಗ ಲೆಕ್ಕ ಮಾಡಿ: ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕಿಲೋ ಸಿಒ2. ಗಾಡಿ ಗಂಟೆಗೆ 20 ಲೀಟರ್ ಕುಡಿದರೆ 53 ಕಿಲೋ, ಅಂದರೆ ಸೆಕೆಂಡಿಗೆ 14.7 ಗ್ರಾಂ. 9 ಘನ ಮೀಟರ್ ಗಾಳಿಗೆ ಬೆರೆತರೆ ಘನ ಮೀಟರಿಗೆ 1.64 ಗ್ರಾಂ, ಅದು ಹತ್ತಿರಹತ್ತಿರ 890 ಪಿಪಿಎಂ ಏರಿಕೆ. ಇನ್‌ಟೇಕ್‌ನಲ್ಲಿ 450 ಇದ್ದರೆ ಗಾಡಿಯ ಗಾಳಿ ಹೊರಡುವ ದಾರಿಯಲ್ಲಿ 1,340 ಕಾಣಬೇಕು. 2,500 ಕಂಡರೆ ಏರಿಕೆ 2,050. ಗಣಿಮುಖಕ್ಕೆ (ಕೆಲಸ ನಡೆಯುವ ತುದಿಗೆ) ಬರುತ್ತಿರುವ ಗಾಳಿ 9 ಅಲ್ಲ, 4ರ ಆಸುಪಾಸು. ಇಲ್ಲವೇ ಅದೇ ಗಾಳಿ ಸುತ್ತಿಸುತ್ತಿ ಮತ್ತೆ ಫ್ಯಾನಿಗೆ ಹೋಗುತ್ತಿದೆ. ಫ್ಯಾನ್ ಇಟ್ಟ ಜಾಗದಲ್ಲೇ ಸಿಒ2 ಅಳೆದರೆ ಯಾವುದೆಂದು ಗೊತ್ತಾಗುತ್ತದೆ.

ಮಕ್ಕಿಂಗ್ (ಒಡೆದ ಕಲ್ಲು ತುಂಬಿ ಸಾಗಿಸುವ ಕೆಲಸ) ಒಂದೇ ಸಮ ನಡೆಯುತ್ತಿರುವಾಗ 20 ನಿಮಿಷದ ಸರಾಸರಿ ತೆಗೆಯಿರಿ. ಗಾಡಿ ದಾಟಿದ ಕ್ಷಣದ ಅಂಕಿ ಏನೂ ಹೇಳದು. ಡೀಸೆಲ್ ಲೆಕ್ಕ ಅದೇ ಶಿಫ್ಟ್‌ನ ಬಂಕರಿಂಗ್ (ಡೀಸೆಲ್ ತುಂಬಿಸಿದ) ಪುಸ್ತಕದಿಂದ.

ಅನಿಲಲೆಕ್ಕ:

ಎನ್‌ಒ2 ಒಂದು ಉಳಿಯಿತು. ಕ್ಯಾಟಲಿಸ್ಟ್ ಸಿಒ ಕಡಿಮೆ ಮಾಡುತ್ತದೆ ಎಂದು ಖುಷಿಪಡುವಾಗ ಅದೇ ಪ್ಲಾಟಿನಂ ಎನ್‌ಒವನ್ನು ಎನ್‌ಒ2 ಮಾಡುತ್ತಿರುತ್ತದೆ. ಬರೀ ಎಂಜಿನ್‌ನಿಂದ ಒಟ್ಟು ನೈಟ್ರೋಜನ್ ಆಕ್ಸೈಡ್‌ಗಳಲ್ಲಿ ಎನ್‌ಒ2 ಶೇ. 5–10. ಬಿಸಿ ಕ್ಯಾಟಲಿಸ್ಟ್ ನಂತರ ಶೇ. 30–50ಕ್ಕೂ ಹೋಗಬಹುದು. ವಿಷದಲ್ಲಿ ಎನ್‌ಒ2 ಎಷ್ಟೋ ಪಟ್ಟು ಕಟು. ಎಸಿಜಿಐಎಚ್ (ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘ) 2012ರಲ್ಲಿ ಸಲಹಾ ಮಿತಿಯನ್ನು 0.2 ಪಿಪಿಎಂಗೆ ಇಳಿಸಿತು, ಯುರೋಪಿನಲ್ಲಿ 0.5. ಪ್ಲಾಟಿನಂ ಲೇಪದ ಡಿಪಿಎಫ್ ಹಾಕಿದ ಮೇಲೆ ಮಸಿ ಇಳಿದು ಆಪರೇಟರ್ ಗಂಟಲು ಉರಿ ಎಂದರೆ ಇದನ್ನೇ ಮೊದಲು ನೋಡಿ.

ಅಳೆಯುವಾಗ ಎನ್‌ಒ2 ನೀರಿನಲ್ಲಿ ಕರಗಿ ಮಾಯವಾಗುತ್ತದೆ. ಹೋಸ್‌ನಲ್ಲಿ ಹನಿ ಕಂಡರೆ ಆ ಅಂಕಿ ನಂಬಬೇಡಿ. ಟೆಫ್ಲಾನ್ ಹೋಸ್, ಆದಷ್ಟು ಗಿಡ್ಡ, ಟ್ರ್ಯಾಪ್ ಪ್ರತಿ ಗಾಡಿಗೂ ಖಾಲಿಮಾಡಿ ಒರೆಸಿ. ರಬ್ಬರ್, ಸಿಲಿಕೋನ್ ಹೋಸ್ ಬೇಡ. ಹೊಗೆಯನ್ನು ತಣಿಸಿ ನೀರನ್ನು ಬೇಗ ಬೇರ್ಪಡಿಸುವ ಪೆಲ್ಟಿಯರ್ ಕೂಲರ್ ಇರುವ ಅನಲೈಸರ್ ಆದರೆ ಒಳ್ಳೆಯದು. ಮತ್ತೆ, ಡೀಸೆಲ್ ಬಿಎಸ್–6 ದರ್ಜೆಯದ್ದೇ ಇರಲಿ, 2020ರ ಏಪ್ರಿಲ್‌ನಿಂದ ದೇಶವಿಡೀ ಗಂಧಕ 10 ಪಿಪಿಎಂನ ಇಂಧನವೇ. ಹಳೇ ಟ್ಯಾಂಕಿನ ತಳದ ಕೆಸರು, ಸೀಮೆಎಣ್ಣೆ ಬೆರಕೆ ಸೇರಿದರೆ ಕ್ಯಾಟಲಿಸ್ಟ್ ಬೇಗ ಸಾಯುತ್ತದೆ.

ಡಿಕ್ಲೈನ್_ದಾರಿ:

ರಿಜಿಸ್ಟರ್‌ನಲ್ಲಿ ಏನೇನು ಕಾಲಂ ಇರಲಿ? ಮತ್ತು ಕ್ಯಾಲಿಬ್ರೇಷನ್ ಗ್ಯಾಸ್ ನಾವೇ ಇಟ್ಟುಕೊಳ್ಳಬಹುದೇ, ಅಥವಾ ಏಜೆನ್ಸಿಗೇ ಕಳಿಸಬೇಕೇ?

ಗಣಿಗಾಳಿ:

ಗಾಡಿ ಸಂಖ್ಯೆ, ಎಂಜಿನ್ ಗಂಟೆ, ಕೂಲಂಟ್ ಬಿಸಿ, ಸ್ಟಾಲ್ ಆರ್‌ಪಿಎಂ, ಗಾಳಿ ಫಿಲ್ಟರಿನ ತಡೆ, ಯಾವ ಪೋರ್ಟ್, ಮೂರೂ ಸ್ಟಾಲ್‌ಗಳ ಆಮ್ಲಜನಕ, ಸಿಒ2, ಸಿಒ, ಎನ್‌ಒ, ಎನ್‌ಒ2, ಬಾಕರಾಕ್ ಮಚ್ಚೆ ಇದ್ದರೆ ಕಾಗದವನ್ನೇ ಅಂಟಿಸಿ. ಕೊನೆಯ ಕಾಲಂ "ಏನು ಮಾಡಿದೆವು". ಸರಾಸರಿ ಒಂದೇ ಬರೆದು ಮೂರು ಅಂಕಿ ಬಿಡಬೇಡಿ. ನಂತರ ಅನುಮಾನ ಬಂದರೆ ಬೇಕಾಗುವುದು ಆ ಮೂರೇ.

ಅನಿಲಲೆಕ್ಕ:

ವರ್ಷಕ್ಕೊಮ್ಮೆ ಏಜೆನ್ಸಿ ಪ್ರಮಾಣಪತ್ರ ಆಡಿಟ್‌ಗೆ ಬೇಕು, ಅದಿರಲಿ. ಆದರೆ ಸೆಲ್‌ಗಳು ಎರಡು–ಮೂರು ವರ್ಷದಲ್ಲಿ ಬಾಡುತ್ತವೆ, ಗಣಿಯ ಬಿಸಿ ತೇವದಲ್ಲಿ ಇನ್ನೂ ಬೇಗ, ಹಾಗಾಗಿ ತಿಂಗಳಿಗೊಮ್ಮೆ ನೀವೇ ಪರೀಕ್ಷಿಸಿ. ನೈಟ್ರೋಜನ್‌ನಲ್ಲಿ ಸಿಒ 500, ಎನ್‌ಒ 500 ಪಿಪಿಎಂ ಸುಮಾರಿನ ಸಿಲಿಂಡರ್ ಸಾಕು. ಎನ್‌ಒ2ಗೆ ಬೇರೆ ಬಾಟಲಿ, ಅದರ ಅವಧಿ ಕಡಿಮೆ, ತಾರೀಖು ನೋಡಿ ಕೊಳ್ಳಿ. ರೆಗ್ಯುಲೇಟರ್ ಸ್ಟೇನ್‌ಲೆಸ್ ಆಗಿರಬೇಕು, ಹಿತ್ತಾಳೆಯದು ಎನ್‌ಒ2ವನ್ನು ತಿನ್ನುತ್ತದೆ.

ಸಿಲಿಂಡರಿನಿಂದ ನೇರ ಅನಲೈಸರ್‌ಗೆ ಹೋಸ್ ಸಿಕ್ಕಿಸಬೇಡಿ. ಒತ್ತಡದಲ್ಲಿ ಸೆಲ್ ಹೆಚ್ಚು ತೋರಿಸುತ್ತದೆ, ಕೆಲವೊಮ್ಮೆ ಪೊರೆಯೇ ಹರಿಯುತ್ತದೆ. ನಡುವೆ ಟೀ ಹಾಕಿ ಒಂದು ಬಾಯಿ ಹೊರಗೆ ತೆರೆದಿಡಿ, ಆ ಬಾಯಿಂದ ಗ್ಯಾಸ್ ಸ್ವಲ್ಪ ಹೊರಬರುತ್ತಲೇ ಇರಬೇಕು. ನೀರಿನ ಲೋಟದಲ್ಲಿ ಅದರ ತುದಿ ಅರ್ಧ ಸೆಂ.ಮೀ. ಮುಳುಗಿಸಿದರೆ ಗುಳ್ಳೆ ಕಾಣುತ್ತದೆ. ಗುಳ್ಳೆ ನಿಂತಿತೆಂದರೆ ಹರಿವು ಸಾಲುತ್ತಿಲ್ಲ, ಅನಲೈಸರ್ ಲೋಟದ ನೀರನ್ನೇ ಕುಡಿಯಲು ಶುರುಮಾಡಬಹುದು. ಹಾಗಾಗುವ ಮೊದಲು ವಾಲ್ವ್ ತಿರುಗಿಸಿ ಹರಿವು ಜಾಸ್ತಿ ಮಾಡಿ.